ಇಂಗ್ಲಿಷ್ ಮೇಡಂ ಉತ್ತರಿಸುತ್ತಾರೆ: ಗೈಡಿನಲ್ಲಿ ಇಲ್ಲದ ಉತ್ತರಗಳು

(ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಡಂ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ಕಾಫಿ ತೋಟ. ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ ಪದ್ಯದ ಮೇಲೆ ಮಗಳಿಗೆ ಹೋಂವರ್ಕ್ ಇತ್ತು. ಹೂ ನೋಡಿ ಕವಿಗೆ ಏನನ್ನಿಸಿತು ಅನ್ನೋ ಪ್ರಶ್ನೆ. ಇವಳು 'ನಮ್ಮ ತೋಟದಲ್ಲಿ ಕಾಫಿ ಹೂ ಬಿಟ್ಟಾಗ ನನಗನ್ನಿಸಿದ ಹಾಗೆ' ಅಂತ ಬರೆದಳು. ಟೀಚರ್ ಕೆಂಪು ಇಂಕಿನಲ್ಲಿ ಗೀಟು ಎಳೆದು 'ಪಾಠದಲ್ಲಿ ಇಲ್ಲ' ಅಂದಿದ್ದಾರೆ. ಇದು ಸರೀನಾ?
— ಒಬ್ಬ ತಂದೆ, ಸಕಲೇಶಪುರ

ಉತ್ತರ: ಅರ್ಧ ಸರಿ. ಪ್ರಶ್ನೆ ಕೇಳಿದ್ದು ಕವಿಯ ಬಗ್ಗೆ, ನಿಮ್ಮ ತೋಟದ ಬಗ್ಗೆ ಅಲ್ಲ. ಹಾಗಾಗಿ ಮೊದಲ ಎರಡು ವಾಕ್ಯ ಪದ್ಯದಿಂದಲೇ ಬರಬೇಕು. ಸರೋವರದ ದಡ, ಗಾಳಿಗೆ ಕುಣಿಯುವ ಹೂ, ಮನೆಯಲ್ಲಿ ಸುಮ್ನೆ ಮಲಗಿದ್ದಾಗ ಅವು ಮತ್ತೆ ಕಣ್ಣಿಗೆ ಕಟ್ಟುವುದು, ಇಷ್ಟು. ಆಮೇಲೆ ಕಾಫಿ ಹೂ ಧಾರಾಳವಾಗಿ ಬರಲಿ. ಡ್ಯಾಫೊಡಿಲ್ ಹೂವನ್ನು ನಾನೂ ಚಿತ್ರದಲ್ಲೇ ನೋಡಿರುವುದು. ಹೂಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ) ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುವುದನ್ನು ಕಂಡ ಹುಡುಗಿಗೆ ಈ ಪದ್ಯ ಕಲಿಸುವುದು ಎಷ್ಟು ಸುಲಭ! ಗೀಟು ಎಳೆದವರು ಆ ಸುಖ ಕಳೆದುಕೊಂಡರು.

ಅವಳಿಗೆ ಇನ್ನೊಂದು ವಿಷಯ ಹೇಳಿ. ಒಂಟಿಯಾಗಿ ಅಲೆಯುತ್ತಿದ್ದೆ ಅನ್ನುತ್ತಾನಲ್ಲ ಕವಿ, ನಿಜಕ್ಕೂ ಜೊತೆಯಲ್ಲಿ ತಂಗಿ ಡೊರೊಥಿ ಇದ್ದಳು. 1802ರ ಏಪ್ರಿಲ್ 15ರ ದಿನಚರಿಯಲ್ಲಿ ಆಕೆ ಆ ಹೂಗಳ ಬಗ್ಗೆ ಚೆನ್ನಾಗಿ ಬರೆದಿದ್ದಾಳೆ. ಅಣ್ಣನ ಪದ್ಯ ಅಚ್ಚಾಗಿದ್ದು 1807ರಲ್ಲಿ. ಅದರಲ್ಲಿ ತಂಗಿಗೆ ಜಾಗ ಸಿಗಲಿಲ್ಲ. ಇದನ್ನು ಬರೆದರೆ ಟೀಚರ್ ಏನು ಮಾಡುತ್ತಾರೋ ನೋಡೋಣ.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಫೋನಿನಲ್ಲಿ ಉತ್ತರ ಹುಡುಕಿ ಹಾಗೇ ಇಳಿಸುತ್ತಾನೆ. ರಾಬರ್ಟ್ ಫ್ರಾಸ್ಟ್‌ನ ಎರಡು ದಾರಿಗಳ ಪದ್ಯಕ್ಕೆ ಅವನ ಉತ್ತರ: 'ಯಾರೂ ಹೋಗದ ಕಷ್ಟದ ದಾರಿ ಹಿಡಿದು ಕವಿ ಜೀವನದಲ್ಲಿ ಗೆದ್ದನು.' ಅದಕ್ಕೆ 'ವೆರಿ ಗುಡ್' ಕೂಡ ಸಿಕ್ಕಿದೆ. ಈ ಚಟ ಬಿಡಿಸುವುದು ಹೇಗೆ?
— ಒಬ್ಬ ತಾಯಿ, ಹಾಸನ

ಉತ್ತರ: ಫೋನ್ ಕಿತ್ತುಕೊಳ್ಳಬೇಡಿ ತಾಯಿ. ಉತ್ತರದ ಪಕ್ಕ ಪದ್ಯ ಇಟ್ಟು, 'ಗೆದ್ದ ಅನ್ನೋದು ಯಾವ ಸಾಲಿನಲ್ಲಿದೆ, ಬೆರಳಿಟ್ಟು ತೋರಿಸಪ್ಪ' ಅನ್ನಿ. ಸಿಗುವುದಿಲ್ಲ. ಕಷ್ಟದ ದಾರಿ ಅನ್ನುವುದೂ ಸಿಗುವುದಿಲ್ಲ. ಒಂದು ದಾರಿಯಲ್ಲಿ ಹುಲ್ಲು ಜಾಸ್ತಿ ಇತ್ತು ಅಂತ ಕವಿ ಮೊದಲು ಹೇಳುತ್ತಾನೆ. ಮರುಕ್ಷಣವೇ, ಎರಡೂ ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ದವು ಅನ್ನುತ್ತಾನೆ. ಆ ಬೆಳಗ್ಗೆ ಎರಡರ ಮೇಲೂ ಎಲೆ ಬಿದ್ದಿತ್ತು, ಯಾರೂ ತುಳಿದಿರಲಿಲ್ಲ. ಹಾಗಿದ್ದೂ, ಎಷ್ಟೋ ಕಾಲದ ಮೇಲೆ ನಿಟ್ಟುಸಿರು ಬಿಟ್ಟು 'ನಾನು ಕಡಿಮೆ ಜನ ನಡೆದ ದಾರಿ ಹಿಡಿದೆ, ಅದರಿಂದಲೇ ಎಲ್ಲ ಬದಲಾಯಿತು' ಅಂತ ಹೇಳಿಕೊಳ್ಳುತ್ತೇನೆ ಅನ್ನುತ್ತಾನೆ. ನಿಟ್ಟುಸಿರು ಸಂತೋಷದ್ದೋ ಬೇಜಾರಿನದ್ದೋ, ಅದನ್ನು ಹೇಳುವುದಿಲ್ಲ. ನಡೆದು ಹೋದದ್ದಕ್ಕೆ ನಾವು ಆಮೇಲೆ ಕಥೆ ಕಟ್ಟಿಕೊಳ್ಳುತ್ತೇವಲ್ಲ, ಪದ್ಯ ಇರುವುದು ಅದರ ಬಗ್ಗೆ ಅಂತ ನಾನು ಓದಿಕೊಂಡಿದ್ದೇನೆ.

ಫ್ರಾಸ್ಟ್‌ಗೆ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಥಾಮಸ್ ಅಂತ ಗೆಳೆಯನಿದ್ದ. ಇಬ್ಬರೂ ಸುತ್ತಾಡಲು ಹೋದಾಗಲೆಲ್ಲ, 'ಛೆ, ಆ ದಾರಿಯಲ್ಲಿ ಹೋಗಬೇಕಿತ್ತು' ಅಂತ ಕೊರಗುವ ಸ್ವಭಾವ ಅವನದು. ಅವನನ್ನು ರೇಗಿಸಲು ಬರೆದದ್ದು ಅಂತ ಫ್ರಾಸ್ಟೇ ಹೇಳಿದ್ದ. ಪದ್ಯ 1915ರಲ್ಲಿ ಅಚ್ಚಾಯಿತು. ತಮಾಷೆ ಏನಪ್ಪಾ ಅಂದರೆ, ಅದು ತಮಾಷೆ ಅಂತ ಥಾಮಸ್‌ಗೇ ಹೊಳೆಯಲಿಲ್ಲ. ಅಂದಮೇಲೆ ನಿಮ್ಮ ಮಗನನ್ನು ಜಾಸ್ತಿ ಬೈಯಬೇಡಿ. 'ವೆರಿ ಗುಡ್' ಬಗ್ಗೆಯೂ ಬೇಸರ ಬೇಡ. ರಾತ್ರಿ ಹನ್ನೊಂದಕ್ಕೆ ಅರವತ್ತು ನೋಟ್‌ಬುಕ್ ತಿದ್ದುವವರ ಕೈ ತಾನಾಗಿಯೇ ಹಾಗೆ ಬರೆಯುತ್ತದೆ.

ಪ್ರಶ್ನೆ: 'ಹೀ ಸ್ಲೀಪ್ಸ್' ಅನ್ನು ಪ್ಯಾಸಿವ್ ವಾಯ್ಸ್‌ಗೆ ಬದಲಿಸಿ ಅಂತ ಹೋಂವರ್ಕ್ ಕೊಟ್ಟಿದ್ದಾರೆ. ಹೇಗೆ ಮೇಡಂ?
— ಒಬ್ಬ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಆಗುವುದಿಲ್ಲ ಮಗು. ತಿಂದ ಅಂದರೆ ಏನನ್ನು ಅಂತ ಕೇಳಬಹುದು, ದೋಸೆಯನ್ನು ಅಂತ ಉತ್ತರ ಬರುತ್ತದೆ. ಮಲಗಿದ ಅಂದರೆ ಏನನ್ನು ಅಂತ ಕೇಳುತ್ತೀಯ? 'ಆಬ್ಜೆಕ್ಟ್ ಇಲ್ಲ, ಬದಲಿಸಲು ಬರುವುದಿಲ್ಲ' ಅಂತ ಧೈರ್ಯವಾಗಿ ಬರೆ.

ಪ್ರಶ್ನೆ: ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್. ಷೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿಯ ಪಾಠ ಮುಗಿಸಿ, ಸಾಲ ಕೊಡುವ ಯಹೂದಿ ಶೈಲಾಕ್ ಕೆಟ್ಟವನೇ ಅಂತ ಬರೆಯಲು ಕೊಟ್ಟೆ. ಇಡೀ ಕ್ಲಾಸು ಒಂದೇ ಉತ್ತರ ತಂದಿತು. ಗೈಡಿನ ಅಚ್ಚಿನ ತಪ್ಪೂ ಎಲ್ಲರಲ್ಲೂ ಇದೆ. ಏನು ಮಾಡಲಿ?
— ಒಬ್ಬ ಶಿಕ್ಷಕಿ, ಮೂಡಿಗೆರೆ

ಉತ್ತರ: ಗೈಡಿನಲ್ಲಿರುವ ಪ್ರಶ್ನೆ ಕೇಳಿದರೆ ಗೈಡೇ ಉತ್ತರ ಕೊಡುತ್ತದೆ ಕಣಮ್ಮ. ಬೇರೆ ಕೇಳು. 'ವ್ಯಾಪಾರಿ ಆಂಟೋನಿಯೋನ ಹೊಣೆಯ ಮೇಲೆ ಶೈಲಾಕ್ ಮೂರು ತಿಂಗಳಿಗೆ 3,000 ಡ್ಯುಕಟ್ (ಆ ಕಾಲದ ಚಿನ್ನದ ನಾಣ್ಯ) ಸಾಲ ಕೊಟ್ಟನಲ್ಲ, ಬಡ್ಡಿ ಎಷ್ಟು?' ಅನ್ನು. ಪುಟ ತಿರುಗಿಸುವ ಸದ್ದು ಕೇಳಿಸುತ್ತದೆ. ಬಡ್ಡಿಯೇ ಇಲ್ಲ! ವಾಯಿದೆ ತಪ್ಪಿದರೆ ಆಂಟೋನಿಯೋನ ಮೈಯಿಂದಲೇ ಒಂದು ಪೌಂಡ್ ಮಾಂಸ, ಅದೂ ತಮಾಷೆಗೆ ಅಂತ ಹೇಳಿ ಬರೆಸಿಕೊಳ್ಳುತ್ತಾನೆ.

ನಾನು ಇದನ್ನು ಕೇಳಿದಾಗ ಆಲೂರು ಕಡೆಯ ಒಬ್ಬ ಹುಡುಗಿ, ಅಪ್ಪ ಶುಂಠಿಗೆ ಸಾಲ ಮಾಡಿದ್ದರು, ಕನ್ನಡದಲ್ಲೇ ಬರೆದಳು: 'ಬಡ್ಡಿ ಬೇಡ ಅಂತ ದುಡ್ಡು ಕೊಡೋರನ್ನ ಕಂಡ್ರೆ ನಮ್ಮಜ್ಜಿಗೆ ಭಯ. ಆಂಟೋನಿಯೋಗೆ ಅಜ್ಜಿ ಇರಲಿಲ್ಲ ಅನ್ಸುತ್ತೆ.' ಮರುದಿನ ಕೂತು ಅದನ್ನು ಇಂಗ್ಲಿಷಿಗೆ ತಂದೆವು. ಎರಡು ಕಡೆ ವ್ಯಾಕರಣ ಮುಗ್ಗರಿಸಿತು. ಪೂರ್ತಿ ಅಂಕ ಕೊಟ್ಟೆ. ಮೊದಲು ಕನ್ನಡದಲ್ಲಿ ಬರೆಯಲು ಬಿಡು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನೇರ ಇಂಗ್ಲಿಷಿನಲ್ಲಿ ಬರೆ ಅಂದಿದ್ದರೆ ಅಜ್ಜಿ ಬರುತ್ತಲೇ ಇರಲಿಲ್ಲ.

ಆಮೇಲೆ ಕ್ಲಾಸನ್ನು ಎರಡು ಗುಂಪು ಮಾಡು. ಒಂದು ಗುಂಪು ಚಾಕು ಮಸೆಯುವ ಶೈಲಾಕನನ್ನು ಹಿಡಿಯಲಿ. ಇನ್ನೊಂದು ಗುಂಪು ಆಂಟೋನಿಯೋ ಅವನ ಮೇಲೆ ಉಗಿದದ್ದು, ಮಗಳು ಒಡವೆ ಸಮೇತ ಓಡಿಹೋದದ್ದು, ಕೊನೆಗೆ ಬಲವಂತವಾಗಿ ಮತ ಬದಲಿಸಿದ್ದು ಎಲ್ಲವನ್ನೂ ಹುಡುಕಲಿ. ನಾಟಕದ ಸಾಲು ತೋರಿಸದೆ ಮಾತಾಡಿದವರನ್ನು ಕೂರಿಸು. ಒಂದು ಪೀರಿಯಡ್ ಸಾಲುವುದಿಲ್ಲ, ಗಣಿತದವರ ಹತ್ತಿರ ಇನ್ನೊಂದು ಕೇಳಿಕೊಂಡಿರು.