ಮನೆ ಬಾಡಿಗೆಗಿದೆ ಅಂತ ಹಾಕುವ ಮುಂಚೆ

ತಂಗೀ, ಕೊಪ್ಪಳದಿಂದ ಮದುವೆಯಾಗಿ ಅಮೆರಿಕದ ಓಹಾಯೋಗೆ ಬಂದಿದ್ದೀರಿ. ಗಂಡನ ಮನೆಯ ಮೇಲಂತಸ್ತು ಬಾಡಿಗೆಗೆ ಕೊಡಬೇಕು, ಜಾಹೀರಾತು ಸರಿಯಿದೆಯಾ ನೋಡಿ ಅಂದಿದ್ದೀರಿ. ಜೊತೆಗೆ ಚಳಿ, ಜೋಳದ ಹಿಟ್ಟಿನ ಬಗ್ಗೆಯೂ ಕೇಳಿದ್ದೀರಿ. ಚಳಿಗೆ ಮೊದಲು ಒಳ್ಳೆ ಬೂಟು ತಗೊಳ್ಳಿ. ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಹಳೆಯದಾದರೆ ರೊಟ್ಟಿ ಬಿರಿಯುತ್ತದೆ, ಕುದಿಯುವ ನೀರಲ್ಲೇ ನಾದಿ. ಅಷ್ಟೇ.

ಈಗ ಜಾಹೀರಾತು. "ಶುದ್ಧ ಸಸ್ಯಾಹಾರಿ ಭಾರತೀಯ ದಂಪತಿಗೆ ಮಾತ್ರ, ಮಕ್ಕಳಿಲ್ಲದಿದ್ದರೆ ಒಳ್ಳೆಯದು." ಇದನ್ನು ದಯವಿಟ್ಟು ಹಾಕಬೇಡಿ. ಬಳ್ಳಾರಿಯ ನಮ್ಮ ಓಣಿಯಲ್ಲಿ ಮನೆ ಕೇಳಿ ಬಂದವರನ್ನು ಕಟ್ಟೆ ಮೇಲೆ ಕೂಡಿಸಿ, ನೀರು ಕೊಟ್ಟು, "ನೀವು ಯಾವ ಪೈಕಿ?" ಅಂತ ಕೇಳುತ್ತಿದ್ದರು. ನಿಮಗೂ ಗೊತ್ತಲ್ಲ. ಇಲ್ಲಿ 1968ರ ಫೇರ್ ಹೌಸಿಂಗ್ ಕಾನೂನಿದೆ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದೇ ವಾರಕ್ಕೆ ಅದಕ್ಕೆ ಸಹಿ ಬಿತ್ತು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ಇಲ್ಲ ಅನ್ನುವಂತಿಲ್ಲ. 1974ರಲ್ಲಿ ಗಂಡು ಹೆಣ್ಣೆಂಬ ಭೇದ, 1988ರಲ್ಲಿ ಅಂಗವಿಕಲರು ಮತ್ತು ಮಕ್ಕಳಿರುವ ಕುಟುಂಬಗಳ ವಿಷಯವೂ ಸೇರಿತು. ನೀವು ಅದೇ ಮನೆಯ ಕೆಳಗಿದ್ದೀರಿ, ಹಾಗಾಗಿ ಯಾರಿಗೆ ಕೊಡಬೇಕು ಅನ್ನುವುದರಲ್ಲಿ ಈ ಕಾನೂನು ಸ್ವಲ್ಪ ಸಡಿಲ. ಜಾಹೀರಾತಿನ ಮಾತಿಗೆ ಆ ಸಡಿಲಿಕೆ ಇಲ್ಲ. ರಾಜ್ಯದ ಕಾನೂನು ಇನ್ನೂ ಬಿಗಿ ಇರಬಹುದು.

ನಾವು ಬಂದ ಹೊಸತರಲ್ಲಿ ಒಂದು ಮನೆ ತುಂಬಾ ಹಿಡಿಸಿತ್ತು. ಹಾಲ್‌ನಲ್ಲಿ ಗೋಡೆಯಷ್ಟಗಲ ಕಿಟಕಿ. ನನ್ನ ಕಂಕುಳಲ್ಲಿ ಕೂಸು. ಮನೆ ತೋರಿಸಲು ಬಂದಾಕೆ ಕೂಸನ್ನು ಮಾತಾಡಿಸಿದಳು, ನಗಿಸಿದಳು, ಆಮೇಲೆ "ಇದು ಮಕ್ಕಳಿಲ್ಲದ ಜೋಡಿಗೆ ಹೊಂದುವ ಮನೆ" ಅಂದಳು. ಎಷ್ಟು ಮೆತ್ತಗೆ ಅಂದಳೆಂದರೆ, ನಾವು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆವು. ಇಂಥದ್ದಕ್ಕೆ ಇಲ್ಲಿನ ಕೇಂದ್ರ ಸರ್ಕಾರದ ಹೌಸಿಂಗ್ ಇಲಾಖೆಗೆ ದೂರು ಕೊಡಲು ಒಂದು ವರ್ಷದ ಗಡುವು. ನಮಗೆ ವಿಷಯ ತಿಳಿಯುವಷ್ಟರಲ್ಲಿ ಮಗ ಸ್ಕೂಲ್ ಬಸ್ ಹತ್ತುತ್ತಿದ್ದ. ಆ ರಸ್ತೆಯಲ್ಲಿ ಹೋದಾಗ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಜಾಹೀರಾತಿನ ಕೊನೆ ಮಾತು ಓದಿದಾಗ ಅವಳ ದನಿಯೇ ಕೇಳಿಸಿತು, ಬೇಜಾರು ಮಾಡಿಕೊಳ್ಳಬೇಡಿ.

ಬರುವವರು ಎಂಥವರಿರಬೇಕು ಅನ್ನುವುದು ಬಿಡಿ, ಮನೆ ಹೇಗಿದೆ ಅಂತ ಬರೆಯಿರಿ. ಸುಮ್ನೆ "ಒಳ್ಳೆ ಏರಿಯಾ" ಅಂದರೆ ಏನೂ ತಿಳಿಯುವುದಿಲ್ಲ. ಅದು ಅಕ್ಕಪಕ್ಕದ ಜನ ಯಾರು ಅನ್ನುವ ಸೂಚನೆಯಂತೆಯೂ ಕೇಳಿಸುತ್ತದೆ. ಬೆಡ್‌ರೂಮು ಎಷ್ಟು, ಎಷ್ಟು ಚದರಡಿ, ಹೀಟಿಂಗ್ ಬಿಲ್ ಬಾಡಿಗೆಯಲ್ಲೇ ಸೇರಿದೆಯಾ, ಮೆಟ್ಟಿಲು ಎಷ್ಟು ಹತ್ತಬೇಕು, ಹಿಮ ಯಾರು ತೆಗೆಯುತ್ತಾರೆ, ಇಷ್ಟು ಬೇಕು. ಒಲೆ ಮೇಲಿನ ಎಕ್ಸಾಸ್ಟ್ ಹೊಗೆಯನ್ನು ಹೊರಗೆ ಹಾಕುತ್ತದಾದರೆ ಅದನ್ನು ತಪ್ಪದೆ ಬರೆಯಿರಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಅದು ಹೊಗೆ ಸೋಸಿ ವಾಪಸ್ ಒಳಗೇ ಬಿಡುತ್ತದೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಮನೆಯವರೆಲ್ಲ ಕೆಮ್ಮಿದ್ದು ನೆನಪಿರುವವರು ಆ ಸಾಲು ನೋಡಿಯೇ ಫೋನ್ ಮಾಡುತ್ತಾರೆ.

"ಫ್ಯಾಮಿಲಿ ರೂಮ್", "ನಡೆದು ಹೋಗುವಷ್ಟು ಹತ್ತಿರ" ಅಂತ ಬರೆದರೆ ಕುಟುಂಬವಿಲ್ಲದವರನ್ನೋ ನಡೆಯಲಾರದವರನ್ನೋ ಬೇಡ ಅಂದಂತಾದೀತು ಅಂತ ಹೆದರಬೇಡಿ, 1995ರಲ್ಲೇ ಹೌಸಿಂಗ್ ಇಲಾಖೆ ಅವಕ್ಕೆ ತೊಂದರೆಯಿಲ್ಲ ಅಂದಿದೆ. ಸಿಗರೇಟು ಬೇಡ ಅನ್ನಬಹುದು. ನಾಯಿ ಬೇಡ ಅಂತಲೂ ಅನ್ನಬಹುದು, ಆದರೆ ಅಂಗವಿಕಲರ ಸಹಾಯಕ್ಕಿರುವ ನಾಯಿ ಸಾಕುಪ್ರಾಣಿ ಲೆಕ್ಕಕ್ಕೆ ಬರುವುದಿಲ್ಲ. ಗುಡಿ ಹತ್ತಿರ ಅನ್ನುವುದರ ಬದಲು ಲೈಬ್ರರಿ, ಬಸ್ ಸ್ಟಾಪ್ ಹೆಸರು ಹಾಕಿ.

ಮಾಂಸದ ವಾಸನೆ ಬಂದರೆ ಅಂತ ನಿಮ್ಮ ಅತ್ತೆಗೆ ಚಿಂತೆ ಅಂದಿರಿ. ಅವರನ್ನು ಒಪ್ಪಿಸುವುದು ನಿಮ್ಮ ಪಾಲು. ಹೊಸದಾಗಿ ಬರೆದು ಕಳಿಸಿ, ನೋಡುತ್ತೇನೆ. ಬಾಡಿಗೆ ಎಷ್ಟಿಡಬೇಕು ಅನ್ನುವುದನ್ನು ಯಜಮಾನರನ್ನೇ ಕೇಳಿ, ಅದರಲ್ಲಿ ನನ್ನ ಲೆಕ್ಕ ನಡೆಯುವುದಿಲ್ಲ.