ಪ್ರತಿಕ್ರಿಯೆ: 4,500 ಆರ್‌ಪಿಎಂ ದಾಟಿದರೆ ಪಾಂಟಿಯಾಕ್ 400 ಎಂಜಿನ್ ಯಾಕೆ ಸೊರಗುತ್ತದೆ?

ಡೈನೋದಲ್ಲಿ (ಎಂಜಿನ್ ಶಕ್ತಿ ಅಳೆಯುವ ಯಂತ್ರ) 4,500 ದಾಟಿದ ಮೇಲೆ ಎಎಫ್‌ಆರ್ (ಗಾಳಿ-ಇಂಧನ ಅನುಪಾತ) 14.5ಕ್ಕೆ ಏರಿ, ಅಂದರೆ ಇಂಧನ ಸಾಲದೆ ಲೀನ್ ಆಗಿ, ಟಾರ್ಕ್ ಕುಸಿಯುತ್ತಿದ್ದರೆ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಮೇಲೆ ಅನುಮಾನ ಬೇಡ. ಬಹುಮಟ್ಟಿಗೆ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್‌ನ ಬೌಲ್ (ಇಂಧನ ನಿಲ್ಲುವ ಬಟ್ಟಲು) ಖಾಲಿಯಾಗುತ್ತಿದೆ. ಅದು ಮೊದಲೇ ಚಿಕ್ಕದು. ಮುಂದಿನ ಪುಲ್‌ಗೆ (ಡೈನೋದಲ್ಲಿ ಪೂರ್ತಿ ಥ್ರಾಟಲ್ ಓಟ) ಮುಂಚೆ ಕಾರ್ಬ್ಯುರೇಟರ್ ಇನ್‌ಲೆಟ್ ಬಳಿ ಪ್ರೆಶರ್ ಗೇಜ್ ಹಾಕಿ. ಐಡಲ್‌ನಲ್ಲಿ 6 ಪಿಎಸ್‌ಐ ಇದ್ದದ್ದು ಪುಲ್ ಹೊತ್ತಿನಲ್ಲಿ 4ಕ್ಕಿಂತ ಇಳಿದರೆ, ಪಂಪ್, ಅದರ ಲೈನ್ ನೋಡಿ. ಪ್ರೆಶರ್ ಗಟ್ಟಿಯಾಗಿದ್ದೂ ಲೀನ್ ಆದರೆ ಇನ್‌ಲೆಟ್ ನಟ್ ಒಳಗಿನ ಪುಟ್ಟ ಫಿಲ್ಟರ್ ಬದಲಿಸಿ, ಫ್ಲೋಟ್ ಮಟ್ಟ, ನೀಡಲ್-ಸೀಟ್ (ಬೌಲ್‌ಗೆ ಇಂಧನ ಬಿಡುವ ಕವಾಟ) ನೋಡಿ. ಅವೂ ಸರಿಯಿದ್ದರೆ ಮಾತ್ರ ತುದಿ ಸಣ್ಣಗಿರುವ ಸೆಕೆಂಡರಿ ರಾಡ್ (ಪೂರ್ತಿ ಥ್ರಾಟಲ್‌ನಲ್ಲಿ ಇಂಧನ ಅಳೆದು ಬಿಡುವ ಕಡ್ಡಿ) ಹಾಕಿ ಎಎಫ್‌ಆರ್ 12.5–13ಕ್ಕೆ ತನ್ನಿ. ಥ್ರಾಟಲ್ ತೆರೆದ ಕ್ಷಣ ಮಾತ್ರ ತಡವರಿಸುತ್ತಿದ್ದರೆ ಕಥೆ ಬೇರೆ: ಏರ್ ವಾಲ್ವ್ (ಸೆಕೆಂಡರಿ ಮೇಲಿನ ಗಾಳಿ ಫ್ಲಾಪ್) ಸ್ಪ್ರಿಂಗ್ ಸಡಿಲವಿರಬಹುದು, ಕಾಲು ಸುತ್ತು ಬಿಗಿ ಮಾಡಿ. ಲೀನ್ ಇರುವ ತನಕ ಟೈಮಿಂಗ್ ಅಡ್ವಾನ್ಸ್ (ಕಿಡಿ ಇನ್ನೂ ಬೇಗ ಹೊತ್ತಿಸುವುದು) ಮಾಡಲೇಬೇಡಿ, ಪಿಸ್ಟನ್ ಹೋಗುತ್ತದೆ.