ಹೊಸ ಥರ್ಮಲ್ ಫ್ಯೂಸ್ ಬೆಸೆದ ಮೇಲೂ ಹೀಟರ್ ಫ್ಯಾನ್ ಕೆಳಗಿನ ವೇಗಗಳಲ್ಲಿ ಏಕೆ ತಿರುಗುವುದಿಲ್ಲ?

ಮಡಿಕೇರಿಯ ಚಳಿಗೆ ಬೇಕಾದ ನಿಮ್ಮ ಕಾರಿನ ಹೀಟರ್ ಫ್ಯಾನ್ ನಾಲ್ಕನೆಯ ವೇಗದಲ್ಲಿ ಮಾತ್ರ ತಿರುಗುತ್ತಿದೆ, ಕೆಳಗಿನ ವೇಗಗಳಿಗಾಗಿ ಕರೆಂಟ್ ತಗ್ಗಿಸುವ ರೆಸಿಸ್ಟರಿನ ಥರ್ಮಲ್ ಫ್ಯೂಸ್ ಬದಲಿಸಿ ಬೆಸೆದರೂ ಸರಿಯಾಗಲಿಲ್ಲ, ಹೊಸ ಫ್ಯೂಸೇ ಕೆಟ್ಟದ್ದಿತ್ತೇ ಎಂದು ಕೇಳಿದ್ದೀರಿ.

ಫ್ಯೂಸ್ ಚೆನ್ನಾಗಿಯೇ ಇದ್ದು, ಬೆಸೆಯುವಾಗಿನ ಶಾಖಕ್ಕೆ ಹೋಗಿರುವ ಸಂಭವವೇ ಹೆಚ್ಚು. ಕಡಲ ಬದಿಯ ಕುಂಬಳೆಯಲ್ಲಿ ನಮಗೆ ಹೀಟರಿನ ಅಗತ್ಯ ಬೀಳುವುದಿಲ್ಲ, ಆದರೆ ಎ.ಸಿ.ಗೂ ಅದೇ ಬ್ಲೋವರ್ (ಗಾಳಿ ಊದುವ ಫ್ಯಾನ್), ಅದೇ ರೆಸಿಸ್ಟರ್ ಆದುದರಿಂದ ಈ ಕೆಲಸವನ್ನು ನಾನೂ ಮನೆಯಲ್ಲಿ ಮಾಡಿದ್ದೇನೆ, ಮೊದಲ ಫ್ಯೂಸನ್ನು ಹೀಗೆಯೇ ಕಳೆದುಕೊಂಡಿದ್ದೇನೆ.

ಸಾಮಾನ್ಯ ಫ್ಯೂಸ್ ಹೆಚ್ಚು ಕರೆಂಟ್ ಹರಿದರೆ ಹೋಗುತ್ತದೆ. ಥರ್ಮಲ್ ಫ್ಯೂಸ್ ಬಿಸಿಗೆ ಹೋಗುತ್ತದೆ, ಒಮ್ಮೆ ತೆರೆದುಕೊಂಡರೆ ಮತ್ತೆ ಕೂಡುವುದಿಲ್ಲ. ಅದರ ಮೇಲೆ 184 ಡಿಗ್ರಿ ಸೆಲ್ಸಿಯಸ್ ಎಂದಿದೆಯೆಂದು ಇಟ್ಟುಕೊಳ್ಳಿ. 63 ಪಾಲು ತವರ, 37 ಪಾಲು ಸೀಸದ ಬೆಸುಗೆ ಕರಗುವುದೇ 183 ಡಿಗ್ರಿಯಲ್ಲಿ, ಬೆಸೆಯುವ ಐರನ್ನಿನ ತುದಿಯೋ ಸುಮಾರು 350 ಡಿಗ್ರಿಯಲ್ಲಿರುತ್ತದೆ. ಆದ್ದರಿಂದ ಫ್ಯೂಸಿನ ಕಾಲುಗಳನ್ನು ಗಿಡ್ಡ ಮಾಡಬೇಡಿ. ಬೆಸುಗೆಯ ಜಾಗಕ್ಕೂ ಫ್ಯೂಸಿನ ಒಡಲಿಗೂ ನಡುವೆ ಕಾಲನ್ನು ಇಕ್ಕಳದಿಂದ ಬಿಗಿಯಾಗಿ ಹಿಡಿದರೆ ಶಾಖವನ್ನು ಇಕ್ಕಳವೇ ಹೀರಿಕೊಳ್ಳುತ್ತದೆ. ತುದಿಗಳಿಗೆ ಮೊದಲೇ ತವರ ಸವರಿಟ್ಟು, ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ, ಒಂದು ಕಾಲು ಪೂರ್ತಿ ತಣಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ. ಬೆಸೆಯುವ ಮೊದಲೂ ನಂತರವೂ ಮಲ್ಟಿಮೀಟರಿನಲ್ಲಿ ಫ್ಯೂಸಿನ ಮೂಲಕ ಕರೆಂಟ್ ಹಾಯುತ್ತದೆಯೇ ಎಂದು ನೋಡಿದರೆ ಫ್ಯೂಸ್ ಯಾವಾಗ ಹೋಯಿತೆಂದು ಖಚಿತವಾಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಉತ್ತಮವಾದದ್ದು ಲೋಹದ ಸಣ್ಣ ಕೊಳವೆಯಲ್ಲಿ ಎರಡೂ ತಂತಿಗಳನ್ನು ತೂರಿಸಿ ಒತ್ತಿ ಕೂಡಿಸುವುದು, ಏಕೆಂದರೆ ರೆಸಿಸ್ಟರ್ ಕಾದಾಗ ಆ ಜೋಡಣೆ ಬೆಸುಗೆಯಂತೆ ಮೆತ್ತಗಾಗುವುದಿಲ್ಲ.

ಫ್ಯೂಸ್ ಬಿಟ್ಟು ಬರಿಯ ತಂತಿ ಕೂಡಿಸಲು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಡ್ಯಾಶ್‌ಬೋರ್ಡಿನ ಒಳಗೆ ಬೆಂಕಿ ಹತ್ತದಂತೆ ತಡೆಯುವುದೇ ಆ ಫ್ಯೂಸ್.

ಹಳೆಯ ಫ್ಯೂಸ್ ಏಕೆ ಹೋಯಿತೆಂದೂ ಹುಡುಕಲೇಬೇಕು. ನಾಲ್ಕನೆಯ ವೇಗದಲ್ಲಿ ಕರೆಂಟ್ ರೆಸಿಸ್ಟರನ್ನು ಬಿಟ್ಟು ನೇರವಾಗಿ ಮೋಟರಿಗೆ ಹೋಗುವುದರಿಂದ ಫ್ಯಾನ್ ತಿರುಗುತ್ತದೆ. ಕೆಳಗಿನ ವೇಗಗಳಲ್ಲಿ ರೆಸಿಸ್ಟರ್ ಕಾಯುತ್ತದೆ, ಅದನ್ನು ತಣಿಸುವುದು ಅದೇ ಬ್ಲೋವರಿನ ಗಾಳಿ. ಕ್ಯಾಬಿನ್ ಫಿಲ್ಟರ್ ತರಗೆಲೆ, ಧೂಳಿನಿಂದ ಕಟ್ಟಿದರೆ ಆ ಗಾಳಿ ಕಡಿಮೆಯಾಗುತ್ತದೆ. ಮೋಟರಿನ ಬೇರಿಂಗ್ ಬಿಗಿದರೆ ಅದು ಹೆಚ್ಚು ಕರೆಂಟ್ ಎಳೆದು ರೆಸಿಸ್ಟರ್ ಇನ್ನೂ ಕಾಯುತ್ತದೆ. ನಮ್ಮ ಕಡಲ ಬದಿಯ ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನುಗಳು ಕಿಲುಬು ಹಿಡಿದು ಅಲ್ಲೇ ಕಾಯುವುದೂ ಉಂಟು. ಬ್ಯಾಟರಿಯ ನೆಗೆಟಿವ್ ಕಳಚಿ, ಬ್ಲೋವರಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ: ಹಗುರವಾಗಿ ತಿರುಗದೆ ತಡೆದರೆ, ಹೊಸ ಫ್ಯೂಸ್ ಹಾಕುವ ಮೊದಲು ಮೋಟರನ್ನು ಸರಿಪಡಿಸಿ.